'ಇತರೆ' ಅಂತ ಹಾಕಿದ ಸಿಸಿಎಫ್

ಐರ್ಲೆಂಡ್‌ನಲ್ಲಿ ಹೂಡಿಕೆ ಫಂಡ್ ಕಟ್ಟೋಕೆ ಐದು ದಾರಿ: ಪಿಎಲ್‌ಸಿ (ಕಂಪನಿ), ಐಕ್ಯಾವ್ (ಫಂಡ್‌ಗಳಿಗೆಂದೇ ಇರೋ ಕಂಪನಿ ರೂಪ), ಯೂನಿಟ್ ಟ್ರಸ್ಟ್, ಐಎಲ್‌ಪಿ (ಪಾಲುದಾರಿಕೆ), ಸಿಸಿಎಫ್ (ಹೂಡಿಕೆದಾರರು ಒಪ್ಪಂದದ ಮೇಲೆ ಒಟ್ಟಾಗಿ ಆಸ್ತಿ ಇಟ್ಟುಕೊಳ್ಳೋ ಫಂಡ್). ಹೊಸ ಫಂಡ್‌ಗಳನ್ನು ಸಿಸ್ಟಂಗೆ ಹಾಕೋ ನಮ್ಮ ಸೆಟಪ್ ಟೂಲ್‌ನ ಡ್ರಾಪ್‌ಡೌನ್‌ನಲ್ಲಿ ಇರೋದು ನಾಲ್ಕೇ: ಕಂಪನಿ, ಟ್ರಸ್ಟ್, ಪಾರ್ಟ್‌ನರ್‌ಶಿಪ್, ಇತರೆ. ನಮ್ಮ ಡೆಸ್ಕ್‌ಗೆ ದಿನಾ ಬರೋದು 2015ರ ಕಾಯ್ದೆಯ ಐಕ್ಯಾವ್‌ಗಳು. ಹಾಗಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಆಮೇಲೆ ಒಂದು ಸಿಸಿಎಫ್ ಬಂತು. ಹೂಡಿಕೆದಾರರು ಬ್ರಿಟನ್ನಿನ ಪೆನ್ಷನ್ ಸ್ಕೀಮ್‌ಗಳು, ಜೊತೆಗೆ ಇನ್ಶೂರೆನ್ಸ್ ಕಂಪನಿಗಳು. ಮೇಕರ್ ಹುಡುಗ, ಅಂದರೆ ಸೆಟಪ್ ತುಂಬೋನು, ಹಳೇ ಐಕ್ಯಾವ್ ಸೆಟಪ್ ಕ್ಲೋನ್ ಮಾಡಿ 'ಇತರೆ' ಅಂತ ಹಾಕಿದ. ಟೂಲ್ 'ಇತರೆ'ಯನ್ನೂ ಕಂಪನಿ ಅಂತಲೇ ಓದುತ್ತೆ. ಇದು ಯಾವ ಮ್ಯಾನುಯಲ್‌ನಲ್ಲೂ ಇರಲಿಲ್ಲ. ಅದನ್ನು ಪರಿಶೀಲಿಸೋ ಚೆಕರ್ ನಾನು. ಎಲ್‌ಇಐ (ಸಂಸ್ಥೆಯ ಗುರುತಿನ ಕೋಡ್), ಕಟ್‌ಆಫ್ (ದಿನದ ಗಡುವು), ಪ್ರೈಸಿಂಗ್ ಸೋರ್ಸ್ (ಬೆಲೆ ಬರೋ ಮೂಲ) ಎಲ್ಲಾ ನೋಡಿದೆ. ಲೀಗಲ್ ಫಾರ್ಮ್ ಲೀಗಲ್‌ನವರ ತಲೆನೋವು ಅಂತ ನನ್ನ ಲೆಕ್ಕ.

ಮೊದಲ ಸುಳಿವು ಬ್ರೋಕರ್ ಕೊಟ್ಟರು: "ಡೈರೆಕ್ಟರ್‌ಗಳ ಪಟ್ಟಿ ಎಲ್ಲಿ?" ಸಿಸಿಎಫ್‌ಗೆ ಬೋರ್ಡ್ ಎಲ್ಲಿಂದ ಬರಬೇಕು? ಅದು ಕಾನೂನಿನ ಕಣ್ಣಲ್ಲಿ ವ್ಯಕ್ತಿಯೇ ಅಲ್ಲ, ಸಹಿ ಮಾಡೋದು ಮ್ಯಾನೇಜ್‌ಮೆಂಟ್ ಕಂಪನಿ. ಪೇಪರ್ ತಿದ್ದಿ ಕಳಿಸಿ ಮರೆತುಬಿಟ್ಟೆವು.

ಮೊದಲ ಅಮೆರಿಕನ್ ಡಿವಿಡೆಂಡ್ ಬಂತು. ತೆರಿಗೆ ಅಂತ 30% ಕಟ್ಟಾಗಿ ಬಂತು. ನ್ಯಾವ್ (ಫಂಡ್‌ನ ಯೂನಿಟ್ ಬೆಲೆ) ಕಟ್‌ಆಫ್‌ಗೆ ಸ್ವಲ್ಪ ಮುಂಚೆ ಕ್ಲೈಂಟ್ ಮೇಡಂ ಕಾಲ್‌ಗೆ ಸೇರಿದರು. "ನಾವು ಸಿಸಿಎಫ್ ಆರಿಸಿಕೊಂಡಿದ್ದೇ ಇದು ಆಗಬಾರದು ಅಂತ," ಅಂದರು, ದನಿ ಏರಿಸದೆ. ಅದಾದ ಮೇಲೆ ಎಲ್ಲರೂ ಮ್ಯೂಟ್. ಟ್ಯಾಕ್ಸ್ ಡೆಸ್ಕ್‌ನವರ ಹೆಸರು ಕೂಗಿದೆ, ಉತ್ತರವಿಲ್ಲ. ನಮ್ಮ ಮ್ಯಾನೇಜರ್ ಚಾಟ್‌ನಲ್ಲಿ ಕೇಳಿದರು: "ಮ್ಯಾನುಯಲ್ ಓವರ್‌ರೈಡ್ ಮಾಡಿ ರಿಲೀಸ್ ಮಾಡೋಣವಾ?"

ಅಂದರೆ ಟೂಲ್ ಬಿಟ್ಟು ಕೈಯಿಂದಲೇ ತೆರಿಗೆ ದರ ಹಾಕೋದು. ಯಾವ ರೇಟ್‌ಗೆ ಓವರ್‌ರೈಡ್ ಮಾಡೋದು ಸ್ವಾಮಿ? ಸಿಸಿಎಫ್‌ನಲ್ಲಿ ಷೇರುಗಳು ಯೂನಿಟ್‌ದಾರರ ಜಂಟಿ ಆಸ್ತಿ. ತೆರಿಗೆಯವರು ಫಂಡ್ ದಾಟಿ ನೇರವಾಗಿ ಹೂಡಿಕೆದಾರರನ್ನೇ ನೋಡುತ್ತಾರೆ. ಅವರವರ ದೇಶದ ತೆರಿಗೆ ಒಪ್ಪಂದ ಅವರವರಿಗೆ. ಒಪ್ಪಂದದ ಷರತ್ತು ಪೂರೈಸಿದ ಬ್ರಿಟಿಷ್ ಪೆನ್ಷನ್ ಸ್ಕೀಮ್‌ಗೆ ಅಮೆರಿಕದಲ್ಲಿ 0%, ಇನ್ಶೂರೆನ್ಸ್ ಕಂಪನಿಗೆ ಸಾಮಾನ್ಯವಾಗಿ 15%. ಹಾಗಾಗಿ ತೆರಿಗೆ ದರಕ್ಕೆ ತಕ್ಕಂತೆ ಯೂನಿಟ್ ಕ್ಲಾಸ್ (ಯೂನಿಟ್‌ಗಳ ಗುಂಪು) ಬೇರೆ ಮಾಡಲೇಬೇಕು. ನಾವು ಎಲ್ಲರನ್ನೂ ಒಂದೇ ಕ್ಲಾಸ್‌ಗೆ ತುರುಕಿದ್ದೆವು. 0% ಹಾಕಿದರೆ ಪೆನ್ಷನ್‌ನವರಿಗೆ ಸರಿ, ಇನ್ಶೂರೆನ್ಸ್‌ನವರಿಗೆ ಬಿಟ್ಟಿ ಲಾಭ. 15% ಹಾಕಿದರೆ ಪೆನ್ಷನ್‌ನವರ ದುಡ್ಡು ಹೋಗುತ್ತೆ. ಓವರ್‌ರೈಡ್ ಬೇಡ ಅಂದೆ. ನ್ಯಾವ್ ಲೇಟಾಯಿತು, ಬೈಗುಳ ಬಿತ್ತು. ಅದು ಮಾತ್ರ ನಾನು ಸರಿಯಾಗಿ ಮಾಡಿದ ಕೆಲಸ.

ಆಮೇಲೆ ಕ್ಲಾಸ್ ಒಡೆದೆವು. ಪ್ರತಿ ಹೂಡಿಕೆದಾರರ ಟ್ಯಾಕ್ಸ್ ಫಾರ್ಮ್, ಫಂಡ್‌ನ ಆಸ್ತಿ ಕಾಯೋ ಕಸ್ಟಡಿಯವರಿಗೆ ಹೋಯಿತು. ಹೆಚ್ಚಾಗಿ ಕಟ್ಟಾದ ಹಣಕ್ಕೆ ರಿಕ್ಲೇಮ್ (ವಾಪಸ್ ಕೇಳೋ ಅರ್ಜಿ) ಹಾಕಿದ್ದೇವೆ, ಅದು ಇನ್ನೂ ತೆವಳುತ್ತಿದೆ.

ಈಗ ಸೆಟಪ್ ಬಂದರೆ ನಾನು ಮೊದಲು ಕೇಳೋದು ಮೂರು: ಸಹಿ ಯಾರದು, ಆಸ್ತಿ ಯಾರ ಹೆಸರಲ್ಲಿ, ತೆರಿಗೆ ಯಾರ ತಲೆಗೆ. ಎಲ್‌ಇಐ ಆಮೇಲೆ ನೋಡಿದರಾಯಿತು. ಮ್ಯಾನೇಜ್‌ಮೆಂಟ್ ಕೂಡ ಸುಮ್ನೆ ಕೂತಿಲ್ಲ. ಟೂಲ್ ರಿಪೇರಿಗೆ ಬಜೆಟ್ ಇಲ್ಲವಂತೆ, ಚೆಕ್‌ಲಿಸ್ಟ್‌ಗೆ ಇನ್ನೊಂದು ಸೈನ್‌ಆಫ್ (ಒಪ್ಪಿಗೆ) ಕಾಲಂ ಸೇರಿಸಿದ್ದಾರೆ. ಹೋದ ವಾರ ಒಂದು ಯೂನಿಟ್ ಟ್ರಸ್ಟ್ ಸೆಟಪ್ ಬಂದಾಗ ಆ ಕಾಲಂ ಮೊದಲೇ ಟಿಕ್ ಆಗಿತ್ತು.