ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಯಾರು ಬರ್ತಾರೆ?

ಕ್ಯಾಲಿಫೋರ್ನಿಯಾದ ನಮ್ಮೂರಿನ ವಿಶ್ವವಿದ್ಯಾಲಯ ಮಹಿಳೆಯರ ಸಂಘದಲ್ಲಿ ನಾನು ಯುವ ಸದಸ್ಯೆ. ವಯಸ್ಸು ಐವತ್ತೆರಡು. ನಗಬೇಡಿ. ನಮ್ಮ ಖಜಾಂಚಿಗೆ ಎಂಬತ್ತೊಂದು, ಕಾರ್ಯದರ್ಶಿಗೆ ಎಪ್ಪತ್ತು ದಾಟಿದೆ. ಹೊಸಬರನ್ನು ಸೇರಿಸುವ ಕೆಲಸ ನನ್ನ ಪಾಲಿಗೆ ಬಂದದ್ದೂ ಇದೇ ಕಾರಣಕ್ಕೆ. "ನೀನಿನ್ನೂ ಚಿಕ್ಕವಳು, ಹುಡುಗಿಯರ ಹತ್ತಿರ ಹೇಗೆ ಮಾತಾಡಬೇಕು ಅಂತ ನಿನಗೆ ಗೊತ್ತಿರುತ್ತೆ" ಅಂದರು. ನನ್ನ ಮಗಳೇ ನನ್ನ ಮೆಸೇಜಿಗೆ ಎರಡು ದಿನ ಬಿಟ್ಟು ಉತ್ತರ ಕೊಡುತ್ತಾಳೆ. ಅದನ್ನು ಅವರಿಗೆ ಹೇಳಲು ಹೋಗಲಿಲ್ಲ.

ತಮಾಷೆ ಅಂದರೆ ಈ ಸಂಘ ಕಟ್ಟಿದವರು ಹುಡುಗಿಯರೇ. ಈಗ ಅಮೆರಿಕನ್ ಅಸೋಸಿಯೇಷನ್ ಆಫ್ ಯೂನಿವರ್ಸಿಟಿ ವಿಮೆನ್ ಅನ್ನುವ ಸಂಸ್ಥೆ (ನಮ್ಮದು ಅದರ ಒಂದು ಶಾಖೆ) 1881ರ ನವೆಂಬರಿನಲ್ಲಿ ಬಾಸ್ಟನ್‌ನಲ್ಲಿ ಶುರುವಾದಾಗ ಸೇರಿದ್ದು 17 ಜನ. ಅವರಲ್ಲಿ ಮುಂದೆ ನಿಂತ ಮೇರಿಯನ್ ಟಾಲ್ಬಟ್‌ಗೆ ಆಗ 23 ವರ್ಷ. ಹಿಂದಿನ ವರ್ಷವಷ್ಟೇ ಡಿಗ್ರಿ ಮುಗಿದಿತ್ತು. ಓದಿದ ಹುಡುಗಿಗೆ ಮಾಡಲು ಕೆಲಸವೂ ಇರಲಿಲ್ಲ, ಕೂತು ಮಾತಾಡಲು ತನ್ನಂಥವರೂ ಇರಲಿಲ್ಲ. ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ (ಎಂಐಟಿ) ಓದಿ ಪದವಿ ಪಡೆದ ಮೊದಲ ಹೆಂಗಸು ಎಲೆನ್ ಸ್ವಾಲೋ ರಿಚರ್ಡ್ಸ್ ಅವಳ ಜೊತೆಗೂಡಿದರು. ಹೆಚ್ಚು ಓದಿದರೆ ಹೆಣ್ಣುಮಕ್ಕಳ ಗರ್ಭಕೋಶ ಕೆಡುತ್ತದೆ ಅಂತ ಹಾರ್ವರ್ಡ್‌ನ ಡಾಕ್ಟರೊಬ್ಬರು 1873ರಲ್ಲಿ ಬರೆದಿದ್ದರು. ಇವರು ಆ ಮಾತಿಗೆ ಬರೀ ವಾದ ಮಾಡುತ್ತಾ ಕೂರಲಿಲ್ಲ. ಕಾಲೇಜು ಓದಿದ ಹೆಂಗಸರಿಗೆ ಪ್ರಶ್ನೆಪಟ್ಟಿ ಕಳಿಸಿದರು, ಬಂದ ಉತ್ತರಗಳನ್ನು ಲೆಕ್ಕ ಹಾಕಿದರು, 1885ರಲ್ಲಿ ವರದಿಯನ್ನೇ ತಂದರು. ಓದಿದವರ ಆರೋಗ್ಯ ಉಳಿದ ಹೆಂಗಸರಿಗಿಂತ ಕೆಟ್ಟದಾಗೇನೂ ಇರಲಿಲ್ಲ.

ಮೈಸೂರಿನಲ್ಲಿ ಮಹಾರಾಣಿ ಹುಡುಗಿಯರ ಶಾಲೆ ಶುರುವಾದದ್ದೂ 1881ರಲ್ಲೇ. ಅದು ಬೆಳೆದು ಆದ ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಓದಿದ್ದು. ಒಂದು ಸಭೆಯಲ್ಲಿ ಇದನ್ನು ಹೇಳಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆಯಿಂದ ಸದಸ್ಯರು ಹೆಚ್ಚಲ್ಲ ಬಿಡಿ.

ಸಂಘದಲ್ಲಿ ರಿಯಾಯಿತಿಗಳಿಗೆ ಕಡಿಮೆ ಇರಲಿಲ್ಲ. ಈಗಷ್ಟೇ ಡಿಗ್ರಿ ಮುಗಿಸಿದವರಿಗೆ ಒಂದು ವರ್ಷ ಫ್ರೀ, ಕಾರ್ಯಕ್ರಮಕ್ಕೆ ಬಂದು ಅಲ್ಲೇ ಸೇರುವವರಿಗೆ ಅರ್ಧ ಚಂದಾ, ಹೀಗೆ. ಫ್ರೀ ಇದ್ದಾಗ ಹೆಸರು ಬರೆಸುತ್ತಾರೆ. ವರ್ಷ ಕಳೆದು ನೂರು ಡಾಲರ್ ಆಸುಪಾಸಿನ ಚಂದಾ ಕಟ್ಟಿ ಅಂತ ಇಮೇಲ್ ಹೋದ ಮೇಲೆ ಪತ್ತೆಯೇ ಇಲ್ಲ. ಕಾರಣ ದುಡ್ಡು ಅಂತ ಸಮಿತಿಯವರು ನಂಬಿದ್ದರು. ನನಗೆ ಹಾಗನ್ನಿಸಲಿಲ್ಲ. ಇದೇ ಹುಡುಗಿಯರು ಜಿಮ್‌ಗೆ ಅದಕ್ಕಿಂತ ಜಾಸ್ತಿ ಕೊಡುತ್ತಾರೆ, ಹೋಗದೇ ಇದ್ದರೂ ಕೊಡುತ್ತಾರೆ.

ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಹುಬ್ಬಳ್ಳಿಯ ಹುಡುಗಿಯೊಬ್ಬಳು ಸಿಕ್ಕಿದಳು. ಇಲ್ಲೇ ಎಂ.ಎಸ್. ಮುಗಿಸಿ ಕೆಲಸಕ್ಕೆ ಸೇರಿದ್ದಳು. ನಮ್ಮ ಸಂಘದ ಬಗ್ಗೆ ಹೇಳಿದೆ. ಆಸಕ್ತಿಯಿಂದಲೇ ಕೇಳಿಸಿಕೊಂಡಳು. ಸಭೆ ಯಾವಾಗ ಅಂತ ಹೇಳಿದ ಕೂಡಲೇ ನಕ್ಕುಬಿಟ್ಟಳು. "ಮಂಗಳವಾರ ಮುಂಜಾನೆ ಹತ್ತಕ್ಕ ಯಾರ್ ಬರ್ತಾರ್ರೀ ಆಂಟಿ? ಆವಾಗ ನಮ್ಮ ಆಫೀಸ್‌ದಾಗ ಮೀಟಿಂಗ್ ಇರ್ತೈತಿ."

ಮತ್ತೆ ನಿಮಗೆ ಬೇಕಾಗಿರೋದೇನು ಅಂತ ಕೇಳಿದೆ. ಯೋಚನೆ ಮಾಡದೆ ಹೇಳಿದಳು: "ಸಂಬಳ ಜಾಸ್ತಿ ಕೇಳೋದು ಹೆಂಗಂತ ಯಾರರ ಹೇಳಿಕೊಟ್ರ ಸಾಕ್ರೀ."

ಇದು ಸಂಘಕ್ಕೆ ಚೆನ್ನಾಗಿ ಗೊತ್ತಿರುವ ವಿಷಯ, ಸಮಾನ ವೇತನಕ್ಕಾಗಿ ದಶಕಗಳಿಂದ ಗುದ್ದಾಡಿದೆ. ಹಾಗಾಗಿ ಗುರುವಾರ ಸಂಜೆ ಆರೂವರೆಗೆ ಲೈಬ್ರರಿಯ ಕೋಣೆಯಲ್ಲಿ ಒಂದು ತರಗತಿ ಇಡೋಣ ಅಂದೆ. ವಿಷಯಕ್ಕೆ ಯಾರೂ ಬೇಡ ಅನ್ನಲಿಲ್ಲ. ಬೇಡ ಅಂದದ್ದು ಸಂಜೆಯ ಹೊತ್ತಿಗೆ. ಕತ್ತಲಾದ ಮೇಲೆ ಕಾರು ಓಡಿಸಲು ನಮ್ಮ ಹಿರಿಯರಿಗೆ ಆಗುವುದಿಲ್ಲ. ಎದುರಿನ ಲೈಟು ಕಣ್ಣಿಗೆ ಹೊಡೆಯುತ್ತದೆ. ಹತ್ತು ಗಂಟೆಯ ಸಭೆಯ ಗುಟ್ಟು ಇದೇ ಅಂತ ನನಗೆ ಅವತ್ತೇ ಗೊತ್ತಾದದ್ದು. ಹುಡುಗಿಯರು ಬೇಡ ಅಂತಲ್ಲ, ರಸ್ತೆ ಕಾಣಿಸಲ್ಲ ಅಂತ.

ಹುಬ್ಬಳ್ಳಿಯವಳಿಗೆ ಫೋನ್ ಮಾಡಿದೆ. "ಅಷ್ಟs ಏನ್ರೀ? ನಾವs ಕರ್ಕೊಂಡ್ ಬರ್ತೇವಿ" ಅಂದಳು. ಗೆಳತಿಯರನ್ನು ಒಪ್ಪಿಸಿದಳು. ಒಬ್ಬೊಬ್ಬಳಿಗೆ ಒಬ್ಬೊಬ್ಬ ಅಜ್ಜಿ. ಖಜಾಂಚಿ ಇವಳ ಕಾರಿಗೆ ಬಂದರು.

ತರಗತಿ ಚೆನ್ನಾಗಿಯೇ ಆಯಿತು. ಹಿಂದಿನ ಸಂಬಳ ಎಷ್ಟಿತ್ತು ಅಂತ ಕೇಳಲು ಕ್ಯಾಲಿಫೋರ್ನಿಯಾದ ಕಂಪನಿಗಳಿಗೆ 2018ರಿಂದ ಅವಕಾಶವಿಲ್ಲ. 15 ಅಥವಾ ಹೆಚ್ಚು ಜನ ಇರುವ ಕಡೆ ಕೆಲಸದ ಜಾಹೀರಾತಿನಲ್ಲೇ ಸಂಬಳ ಎಷ್ಟರಿಂದ ಎಷ್ಟರವರೆಗೆ ಅಂತ 2023ರಿಂದ ಹಾಕಲೇಬೇಕು. ಬಂದವರಲ್ಲಿ ಅರ್ಧ ಜನಕ್ಕೆ ಇದು ಗೊತ್ತಿರಲಿಲ್ಲ.

ಆಮೇಲೆ ಜೋಡಿಯಾಗಿ ಕೂತು ಸಂಬಳ ಕೇಳಿ ಅಭ್ಯಾಸ ಮಾಡುವುದಿತ್ತು. ಖಜಾಂಚಿ ಬಾಸ್ ಆದರು. ಕನ್ನಡಕ ಮೂಗಿನ ತುದಿಗೆ ಇಳಿಸಿ, "ನಮ್ಮ ಬಜೆಟ್ ಇಷ್ಟೇ" ಅಂದರು. ನಮ್ಮ ಹುಡುಗಿ ತಟ್ಟನೆ "ಓಕೆ, ಥ್ಯಾಂಕ್ಯೂ" ಅಂದುಬಿಟ್ಟಳು. ಅಜ್ಜಿ ಮೇಜು ಬಡಿದರು. "ಅಷ್ಟು ಬೇಗ ಒಪ್ಪಿಕೊಂಡರೆ ಹೇಗೆ? ಸುಮ್ನೆ ಕೂತಿರು. ನಾನೇ ಮಾತಾಡಬೇಕು, ಅಲ್ಲಿಯವರೆಗೆ ಬಾಯಿ ಬಿಡಬೇಡ." ಮತ್ತೆ ಮಾಡಿಸಿದರು, ಮತ್ತೆ. ಕೊನೆಗೆ ಹುಡುಗಿ ಪೂರ್ತಿ ಅರ್ಧ ನಿಮಿಷ ಮಾತಿಲ್ಲದೆ ಕೂತಳು. ಹುಬ್ಬಳ್ಳಿಯವಳಿಗೆ ಅದೇನು ಸಣ್ಣ ಸಾಧನೆಯೇ!

ಆದರೆ ಅವಳು ಸಂಘಕ್ಕೆ ಅಂಟಿಕೊಂಡದ್ದು ತರಗತಿಯಿಂದಲ್ಲ ಅಂತ ನನ್ನ ಲೆಕ್ಕ. ಮನೆಗೆ ಬಿಡುವ ದಾರಿಯಲ್ಲಿ ಖಜಾಂಚಿ ತಮ್ಮ ಕಾಲದ ಕಥೆ ಹೇಳಿದರಂತೆ. ಲೆಕ್ಕಪತ್ರದ ಕೆಲಸ ಮಾಡುತ್ತಿದ್ದ ಹೆಂಗಸಿಗೆ, ಗಂಡನ ಸಹಿ ಇಲ್ಲದೆ ಕ್ರೆಡಿಟ್ ಕಾರ್ಡ್ ಕೊಡಲು ಬ್ಯಾಂಕು ಒಪ್ಪಿರಲಿಲ್ಲ. ಹಾಗೆ ಮಾಡಬಾರದು ಅನ್ನುವ ಕಾನೂನು ಬಂದದ್ದು 1974ರಲ್ಲಿ. ಮನೆ ಮುಂದೆ ಕಾರು ನಿಲ್ಲಿಸಿಕೊಂಡು ಇಬ್ಬರೂ ಒಂದು ಗಂಟೆ ಮಾತಾಡಿದ್ದಾರೆ.

ನಂತರ ಸಮಿತಿಗೆ ಬಾ ಅಂದೆವು. ಬರಲ್ಲ ಅಂದಳು. ಎರಡು ವರ್ಷದ ಹುದ್ದೆ ಯಾರಿಗೆ ಬೇಕು? ಎರಡು ವರ್ಷ ಆದ ಮೇಲೆ ಯಾವ ಊರು, ಯಾವ ವೀಸಾ ಅಂತಲೇ ಅವಳಿಗೆ ಗೊತ್ತಿಲ್ಲ. ಆದರೆ "ಒಂದು ಸಂಜೆ ಪೂರ್ತಿ ನನಗ ಬಿಡ್ರಿ, ನಾನs ಮಾಡ್ತೀನಿ" ಅಂದಳು. ಬಿಟ್ಟೆವು. ಖರ್ಚಿಗೆ ದುಡ್ಡು ಕೊಟ್ಟು, ಹೀಗೆ ಮಾಡು ಹಾಗೆ ಮಾಡು ಅನ್ನದೆ ಇದ್ದೆವು. ಇದು ನಮ್ಮ ಅಧ್ಯಕ್ಷೆಗೆ ಎಷ್ಟು ಕಷ್ಟವಾಯಿತು ಅಂತ ಪಕ್ಕದಲ್ಲಿ ಕೂತ ನನಗೆ ಗೊತ್ತು. ಬಂದವರಲ್ಲಿ ಕೆಲವರು ದುಡ್ಡು ಕೊಟ್ಟೇ ಸೇರಿದರು.

ಈಗ ಅವಳಿಗೆ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕೆಲಸ. ಸಂಬಳ ಕೇಳಿಯೇ ತೆಗೆದುಕೊಂಡಳು. ಹೋದವಳು ಹೋದಳು ಅಂತ ಪಟ್ಟಿಯಿಂದ ಹೆಸರು ತೆಗೆಯಲು ಹೊರಟರೆ ಖಜಾಂಚಿ ಬಿಡಲಿಲ್ಲ. ಒಬ್ಬರೇ ಎರಡು ಶಾಖೆಗಳಲ್ಲಿ ಇರಬಹುದು ಅಂತ ನಿಯಮ ತೋರಿಸಿದರು. ನಮ್ಮ ಶಾಖೆಯ ಪಾಲಿನ ಚಂದಾ ಚೆಕ್ ಬರೆದು ಕಳಿಸು ಅಂತ ಅವಳಿಗೆ ಇಮೇಲ್ ಹಾಕಿದರು. ನನ್ನ ಹತ್ತಿರ ಚೆಕ್‌ಬುಕ್ಕೇ ಇಲ್ಲ, ಫೋನಿನಲ್ಲಿ ಕಳಿಸ್ತೀನಿ ಅಂತ ಉತ್ತರ ಬಂತು. ಫೋನಿನಲ್ಲಿ ಬಂದ ದುಡ್ಡನ್ನು ಯಾವ ಪುಸ್ತಕದಲ್ಲಿ ಬರೆಯುವುದು ಅಂತ ಖಜಾಂಚಿ ಪಟ್ಟು ಹಿಡಿದಿದ್ದಾರೆ. ಮುಂದಿನ ಸಭೆಗೆ ಸದ್ಯ ಅದೊಂದೇ ವಿಷಯ.