ಫೋಂಡಾದ ಹಿತ್ತಿಲು, ಹಳೇ ಬ್ರಷ್ ಕಟರ್, ಒಂದು ಮಳೆಗಾಲ

ಜೂನ್ 8, 2025

ಈ ಸಲ ಮೇ ಕೊನೆಗೇ ಮಳೆ ಹಿಡಿಯಿತು. ಎರಡು ವಾರ ಹಿತ್ತಿಲ ಕಡೆ ತಲೆ ಹಾಕಿರಲಿಲ್ಲ. ಇವತ್ತು ನೋಡಿದರೆ ಬಾವಿಕಟ್ಟೆಯ ತನಕ ಮೊಣಕಾಲೆತ್ತರ ಹುಲ್ಲು. ನಾವು ಬಾಡಿಗೆಗಿರುವ ಮನೆ ಗೋವಾದ ಫೋಂಡಾ ಪೇಟೆಯಿಂದ ಸ್ವಲ್ಪ ಒಳಗೆ. ಸುತ್ತ ಚಿರೆಕಲ್ಲಿನ ಗೋಡೆ, ಒಳಗೆ ಏಳು ತೆಂಗು, ಹತ್ತಿಪ್ಪತ್ತು ಅಡಿಕೆ ಸಸಿ. ಮಾಲೀಕರು ಮುಂಬೈಯಲ್ಲಿದ್ದಾರೆ. "ಕೊಟ್ಟಿಗೆಯಲ್ಲಿ ಮಷಿನ್ ಇದೆ, ಹುಲ್ಲು ನೀವೇ ನೋಡಿಕೊಳ್ಳಿ" ಅಂದಿದ್ದರು.

ಹುಲ್ಲು ಕೊಯ್ಯುವ ಆ ಮಷಿನ್, ಅಂದರೆ ಬ್ರಷ್ ಕಟರ್, ಹೊರಗೆ ತೆಗೆದೆ. 52 ಸಿಸಿ, ಟೂ ಸ್ಟ್ರೋಕ್, ಹೆಗಲಿಗೆ ಪಟ್ಟಿ ಹಾಕಿ ಪಕ್ಕಕ್ಕೆ ನೇತುಹಾಕಿಕೊಳ್ಳುವ ಸೈಡ್ ಪ್ಯಾಕ್. ಟ್ಯಾಂಕಿನಲ್ಲಿ ಹೋದ ವರ್ಷದ ಪೆಟ್ರೋಲ್ ಅರ್ಧ ಇತ್ತು. ಖರ್ಚು ಉಳಿಯಿತು ಅಂತ ಖುಷಿಪಟ್ಟೆ. ಎಂಜಿನ್ನಿಗೆ ಹೋಗುವ ಗಾಳಿ ತಡೆಯುವ ಚೋಕ್ ಮುಚ್ಚಿ, ಸ್ಟಾರ್ಟ್ ಮಾಡುವ ಹಗ್ಗ ಎಳೆದೆ. ಮೂವತ್ತು ಸಲ ಎಳೆದಿರಬೇಕು. ಒಂದು ಸಲ ಡಬ್ ಅಂತು, ಅಷ್ಟೇ. ರಾತ್ರಿ ಊಟಕ್ಕೆ ಬಲಗೈ ಏಳಲಿಲ್ಲ. ಕುಮಟಾದಿಂದ ಅಪ್ಪ ಫೋನಿನಲ್ಲಿ, "ಅಷ್ಟು ಹೊತ್ತಿಗೆ ಕತ್ತಿ ಹಿಡಿದಿದ್ರೆ ಅರ್ಧ ಹಿತ್ತಿಲು ಮುಗೀತಿತ್ತಲ್ಲೋ" ಅಂದರು.

ಜೂನ್ 14

ಪೇಟೆಯಲ್ಲಿ ಪಂಪ್‌ಸೆಟ್, ಸ್ಕೂಟರ್ ರಿಪೇರಿ ಮಾಡುವ ಗದಗ ಕಡೆಯ ಮೇಸ್ತ್ರಿ ಒಬ್ಬರಿದ್ದಾರೆ. ಅವರು ಮೊದಲು ಮಾಡಿದ್ದು ಟ್ಯಾಂಕ್ ಬಗ್ಗಿಸಿ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದಿದ್ದು. ಬಾಟಲಿಯನ್ನು ಕಟ್ಟೆಯ ಮೇಲಿಟ್ಟು ಚಹಾ ತರಿಸಿದರು. ಚಹಾ ಮುಗಿಯುವಷ್ಟರಲ್ಲಿ ಒಳಗೆ ಎರಡು ಪದರ. ಮೇಲೆ ಹಸಿರು ಬಣ್ಣದ್ದು, ಕೆಳಗೆ ಎರಡು ಬೆರಳಷ್ಟು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾದದ್ದು. ನಡುವೆ ಗೆರೆ ಎಳೆದಂತೆ ಸ್ಪಷ್ಟ.

"ಸರ, ಇದು ಪೆಟ್ರೋಲ್ ಅಲ್ರೀ, ಸಾರು. ಮ್ಯಾಲ ಒಗ್ಗರಣಿ, ಕೆಳಗ ನೀರು."

ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲ್ ಬೆರೆಸಿರುತ್ತಾರೆ. ಎಥೆನಾಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ನೀರು ಜಾಸ್ತಿಯಾದರೆ ಎಥೆನಾಲೂ ನೀರೂ ಸೇರಿ ತಳಕ್ಕೆ ಇಳಿಯುತ್ತವೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಬೇಕೆಂದು ಪೆಟ್ರೋಲಿಗೇ ಬೆರೆಸುವ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಆದರೆ ಟ್ಯಾಂಕಿನೊಳಗೆ ಪೈಪಿನ ತುದಿಯ ಫಿಲ್ಟರ್ ಬಿದ್ದಿರುವುದು ತಳದಲ್ಲಿ! ಅಂದರೆ ಎಂಜಿನ್ ಮೊದಲು ಕುಡಿಯುವುದೇ ಎಣ್ಣೆಯಿಲ್ಲದ ಆ ನೀರನ್ನು. ಸ್ಟಾರ್ಟ್ ಆಗದೇ ಇದ್ದದ್ದು ನನ್ನ ಪುಣ್ಯ. ಆಗಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತಿತ್ತು. ಗೋವಾದ ಮಳೆಗಾಲದಲ್ಲಿ ಚಪ್ಪಲಿಗೂ ಬೂಸಲು ಬರುತ್ತದೆ, ಅರ್ಧ ಖಾಲಿ ಟ್ಯಾಂಕಿನ ಗತಿ ಏನು ಹೇಳಿ.

ಪೆಟ್ರೋಲೂ ಗಾಳಿಯೂ ಬೆರೆಯುವ ಕಾರ್ಬುರೇಟರ್ ಬಿಚ್ಚಿದರು. ಹಳೇ ಬೈಕಿನದರಂತೆ ಇದರಲ್ಲಿ ಪೆಟ್ರೋಲಿನ ಮೇಲೆ ತೇಲಿ ಮಟ್ಟ ಕಾಯುವ ಫ್ಲೋಟ್ ಇಲ್ಲ. ಮಷಿನನ್ನು ಹೇಗೆ ಬೇಕಾದರೂ ಓರೆ ಮಾಡುತ್ತೇವಲ್ಲ, ಹಾಗಾಗಿ ತೆಳ್ಳನೆಯ ಪೊರೆಯಂಥ ಡಯಾಫ್ರಂ ಉಬ್ಬಿ ತಗ್ಗಿ ಪೆಟ್ರೋಲ್ ಅಳೆದು ಬಿಡುತ್ತದೆ. ನಮ್ಮದು ಒಣ ಹಪ್ಪಳದಂತಾಗಿತ್ತು. ಉಗುರಿನಿಂದ ಒತ್ತಿದರೆ ಟಕ್ ಅಂತಿತ್ತು. ಹೊಸ ಡಯಾಫ್ರಂ, ಗ್ಯಾಸ್ಕೆಟ್, ಬಿರುಕು ಬಿಟ್ಟಿದ್ದ ಪೈಪು, ತಳದ ಫಿಲ್ಟರ್ ಎಲ್ಲ ಹಾಕಿದರು. ಸ್ಪಾರ್ಕ್ ಪ್ಲಗ್ ಉಜ್ಜಿ ಗ್ಯಾಪ್ 0.6 ಮಿ.ಮೀ.ಗೆ ತಂದರು.

ಜೂನ್ 22

ಓಡಿತು!

ಮಷಿನ್ ಮೇಲಿನ ಚೀಟಿಯಲ್ಲಿ 25:1 ಅಂತಿದೆ. ಅಂದರೆ ಒಂದು ಲೀಟರ್ ಪೆಟ್ರೋಲಿಗೆ 40 ಎಂಎಲ್ ಟೂ-ಟಿ (ಟೂ ಸ್ಟ್ರೋಕ್) ಆಯಿಲ್. ಕೆಲವು ಕಂಪನಿಗಳ ಮಷಿನ್ನಿಗೆ 50:1, ಅಲ್ಲಿ 20 ಎಂಎಲ್ ಸಾಕು. ಯಾರೋ ಹೇಳಿದರು ಅಂತ ಹಾಕಬಾರದು, ಚೀಟಿ ನೋಡಬೇಕು. ಅಳೆಯಲು ಮಗಳ ಕೆಮ್ಮಿನ ಔಷಧಿಯ 10 ಎಂಎಲ್ ಮುಚ್ಚಳ ತೆಗೆದುಕೊಂಡೆ, ನಾಲ್ಕು ಸಲ. ಮನೆಯಲ್ಲಿ ಬೈಸಿಕೊಂಡೆ, ಆ ಮುಚ್ಚಳ ಇನ್ನು ಕೊಟ್ಟಿಗೆಗೇ ಮೀಸಲು. ಕ್ಯಾನಿನಲ್ಲೇ ಬೆರೆಸಿ ಕುಲುಕಿ, ಆಮೇಲೆ ಟ್ಯಾಂಕಿಗೆ.

ಹೋದ ಸಲ ಚೋಕ್ ಮುಚ್ಚಿಟ್ಟೇ ಎಳೆದದ್ದು ಇನ್ನೊಂದು ತಪ್ಪು. ಕ್ರಮ ಹೀಗೆ: ಪೆಟ್ರೋಲನ್ನು ಕಾರ್ಬುರೇಟರಿಗೆ ಎಳೆದುಕೊಳ್ಳುವ ಪ್ರೈಮರ್ ಗುಳ್ಳೆಯನ್ನು ಏಳೆಂಟು ಸಲ ಒತ್ತಬೇಕು. ಚೋಕ್ ಮುಚ್ಚಿ, ಮೊದಲ ಡಬ್ ಬರುವ ತನಕ ಎಳೆಯಬೇಕು. ಆಮೇಲೆ ಚೋಕ್ ಅರ್ಧ ತೆಗೆದು ಮತ್ತೆ ಎಳೆದರೆ ಹಿಡಿಯುತ್ತದೆ. ಆ ಡಬ್ ಬಂದ ಮೇಲೂ ಮುಚ್ಚಿಟ್ಟು ಎಳೆದರೆ ಪ್ಲಗ್ ಪೆಟ್ರೋಲಿನಲ್ಲಿ ಮುಳುಗುತ್ತದೆ.

ಅರ್ಧ ಗಂಟೆ ಕೊಯ್ದಿದ್ದೆ, ಪಕ್ಕದ ಮನೆಯ ಮಾವ್ಶಿ ಗೋಡೆಯಾಚೆಯಿಂದ ಕೈ ಬೀಸಿದರು. ನಿಲ್ಲಿಸಿ ಹತ್ತಿರ ಹೋದೆ. "ಪುತಾ, ಆ ಮೂಲೆಯ ತಾಯ್ಕಿಳೊ ಬಿಡು, ನಾಳೆ ಪಲ್ಯಕ್ಕೆ ಬೇಕು" ಅಂತ ಕೊಂಕಣಿಯಲ್ಲಿ ಹೇಳಿದರು. ತಾಯ್ಕಿಳೊ ಅಂದರೆ ನಮ್ಮ ಚಗಟೆ ಸೊಪ್ಪು. ಕಾಲು ಭಾಗ ಆಗಲೇ ಪುಡಿಯಾಗಿ ನನ್ನ ಪ್ಯಾಂಟಿಗೆ ಅಂಟಿತ್ತು. ಅದನ್ನು ಹೇಳಲಿಲ್ಲ.

ಜುಲೈ 6

ಇವತ್ತಿಡೀ ಹುಲ್ಲು ಕೊಯ್ಯುವ ನೈಲಾನ್ ದಾರದ ಜೊತೆ ಜಗಳ.

ಹಳೇ ದಾರ ಚಿರೆಕಲ್ಲಿಗೆ ತಾಗಿದರೆ ಸಾಕು, ಪಟ್ ಅಂತ ಹೋಗುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ದಾರ ಸುತ್ತಿರುವ ಮಷಿನ್ ತಲೆಯನ್ನು ನೆಲಕ್ಕೆ ಕುಟ್ಟಿ ದಾರ ಬಿಡಿಸಬೇಕು. ಖಾಲಿಯಾಯಿತು. ತಲೆ ಬಿಚ್ಚಲು ಹೊರಟೆ. ಗೇರ್ ಹತ್ತಿರದ ತೂತಿಗೆ ಸ್ಕ್ರೂಡ್ರೈವರ್ ತೂರಿಸಿ, ಎಡಕ್ಕೆ ತಿರುಗಿಸಿದೆ. ಅಲುಗಲಿಲ್ಲ. ಪೈಪ್ ರೆಂಚ್ ಹಾಕಿದೆ, ಹತ್ತಿಕೊಂಡು ನಿಲ್ಲುವುದೊಂದು ಬಾಕಿ. ಆಮೇಲೆ ನೆನಪಾಯಿತು, ಇದು ಉಲ್ಟಾ ಥ್ರೆಡ್. ಮಾಮೂಲಿ ಬೋಲ್ಟಿನಂತೆ ಬಿಚ್ಚಲು ಹೋಗಿ ಇಷ್ಟು ಹೊತ್ತೂ ಬಿಗಿ ಮಾಡಿದ್ದೆ! ತಲೆ ತಿರುಗುವಾಗ ತಾನೇ ಸಡಿಲ ಆಗದಿರಲಿ ಅಂತ ಹಾಗೆ ಮಾಡಿರುತ್ತಾರೆ. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.

ಹೊಸ ದಾರ 2.4 ಮಿ.ಮೀ. ಒಂದು ದಿನ ಬಕೆಟ್ ನೀರಿನಲ್ಲಿ ನೆನೆಹಾಕಿದ್ದೆ. ನೈಲಾನ್ ನೀರು ಕುಡಿದರೆ ಮೆತ್ತಗಾಗುತ್ತದೆ, ಸುಮ್ನೆ ಮುರಿಯುವುದಿಲ್ಲ. ನಡುವೆ ಮಡಚಿ, ಮಡಚಿದ ಜಾಗವನ್ನು ಉರುಳೆಯ ಸೀಳಿಗೆ ಸಿಕ್ಕಿಸಿ, ಬಾಣದ ಗುರುತಿನ ಕಡೆಗೇ ಸುತ್ತಬೇಕು. ಎರಡು ಎಳೆ ಒಂದರ ಮೇಲೊಂದು ದಾಟಬಾರದು. ಮೊದಲ ಸಲ ದಾಟಿತ್ತು. ಎಷ್ಟು ಕುಟ್ಟಿದರೂ ದಾರ ಬರಲಿಲ್ಲ, ಬಿಚ್ಚಿದರೆ ಒಳಗೆ ಬಿಸಿಗೆ ಕರಗಿ ಒಂದಕ್ಕೊಂದು ಬೆಸೆದುಕೊಂಡಿದ್ದವು.

ಹಿಂದಿನವರು ಗಾರ್ಡ್ ತೆಗೆದು ಮೂಲೆಗೆ ಎಸೆದಿದ್ದರು. ಅದನ್ನು ಮತ್ತೆ ಹಾಕಿದೆ. ಗಾರ್ಡಿನ ಅಂಚಿನ ಸಣ್ಣ ಬ್ಲೇಡು ದಾರವನ್ನು ಅಳತೆಗೆ ಕತ್ತರಿಸುತ್ತದೆ. ಅದಿಲ್ಲದಿದ್ದರೆ ದಾರ ಉದ್ದವಾಗಿ ಎಂಜಿನ್ ಏದುಸಿರು ಬಿಡುತ್ತದೆ. ಕಲ್ಲು ಹಾರುವುದಂತೂ ಬೇರೆ ಮಾತು. ಗಾರ್ಡ್ ಇದ್ದೂ ಒಂದು ಚಿರೆಕಲ್ಲಿನ ಚೂರು ಅಡಿಗೆಮನೆ ಕಿಟಕಿಗೆ ಬಡಿಯಿತು. ಹತ್ತಿರ 15 ಮೀಟರ್ ಯಾರೂ ಇರಬಾರದು ಅನ್ನುವುದು ಸುಮ್ನೆ ಬರೆದದ್ದಲ್ಲ. ಗಮ್‌ಬೂಟ್, ಕನ್ನಡಕ, ಕಿವಿಗೆ ಪ್ಲಗ್ ಇಲ್ಲದೆ ಇನ್ನು ಇಳಿಯುವುದಿಲ್ಲ.

ಜುಲೈ 27

ಕೆಟ್ಟ ದಿನ. ಎರಡು ವರ್ಷದ ಅಡಿಕೆ ಸಸಿಯೊಂದರ ಬುಡಕ್ಕೆ ದಾರ ಸುತ್ತಿ ಹಸಿ ಸಿಪ್ಪೆ ಕಿತ್ತುಬಂತು, ಬಳೆಯಂತೆ ಸುತ್ತಲೂ. ಸೆಗಣಿ ಮೆತ್ತಿದ್ದೇನೆ, ಉಳಿಯುವ ನಂಬಿಕೆ ಇಲ್ಲ. ಅಪ್ಪನಿಗೆ ಹೇಳಿಲ್ಲ. ಇನ್ನು ಸಸಿಗಳ ಸುತ್ತ ಒಂದು ಅಡಿ ಕತ್ತಿಯಲ್ಲೇ.

ಒಂದು ಒಳ್ಳೆಯದು: ಬಲದಿಂದ ಎಡಕ್ಕೆ ಬೀಸಿದಾಗ ಮಾತ್ರ ಕೊಯ್ದು, ವಾಪಸ್ ಬರುವಾಗ ಸುಮ್ನೆ ಬಂದರೆ ಕೊಯ್ದ ಹುಲ್ಲು ಎಡಗಡೆ ಸಾಲಾಗಿ ಬೀಳುತ್ತದೆ. ಕೊಯ್ಯುವಾಗ ಫುಲ್ ಆಕ್ಸಿಲರೇಟರ್ ಕೊಡಬೇಕು. ಅರ್ಧಂಬರ್ಧ ಕೊಟ್ಟರೆ ಕ್ಲಚ್ ಜಾರಿ ಸುಡುತ್ತದೆ.

ಆಗಸ್ಟ್ 17

ಚವತಿ 27ಕ್ಕೆ. ಗಣಪತಿಯ ಮೇಲೆ ಕಾಯಿ ಹೂವು ಕಟ್ಟುವ ಚೌಕಟ್ಟಾದ ಮಾಟೊಳಿಗೆ ಕಾಡಿನ ಕಾಯಿ ಹೂವು ಹುಡುಕಿ ಮಾವ್ಶಿಯ ಮೊಮ್ಮಕ್ಕಳು ನಮ್ಮ ಹಿತ್ತಿಲಿಗೂ ಬರುತ್ತಾರೆ. ಗೋಡೆಯ ಬಳಿ ಗೌರಿ ಹೂವಿನ ಬಳ್ಳಿ ಇದೆ, ಸುತ್ತ ನಾಲ್ಕು ಕೋಲು ನೆಟ್ಟು ಬಿಟ್ಟುಕೊಂಡೆ. ಮಷಿನ್ ಫುಲ್ ಕೊಟ್ಟರೆ ಕೆಮ್ಮುತ್ತಿತ್ತು. ಏರ್ ಫಿಲ್ಟರಿನ ಸ್ಪಾಂಜ್ ತುಂಬ ಹಸಿರು ಕೆಸರು. ಸೋಪಿನಲ್ಲಿ ತೊಳೆದು ಒಣಗಿಸಿ, ನಾಲ್ಕು ಹನಿ ಎಣ್ಣೆ ಹಿಂಡಿ ಹಾಕಿದೆ. ಸರಿಯಾಯಿತು.

ನವೆಂಬರ್ 9

ಕೊನೆಯ ಕೊಯ್ಲು. ಟ್ಯಾಂಕ್ ಪೂರ್ತಿ ಬಗ್ಗಿಸಿದೆ. ಆಮೇಲೆ ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವ ತನಕ ಓಡಿಸಿದೆ, ಕಾರ್ಬುರೇಟರಿನಲ್ಲೂ ಉಳಿಯಬಾರದು. ಪ್ಲಗ್ ತೆಗೆದು ಸಿಲಿಂಡರಿಗೆ ಐದಾರು ಹನಿ ಟೂ-ಟಿ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎರಡು ಸಲ ಎಳೆದು, ಪ್ಲಗ್ ವಾಪಸ್ ಹಾಕಿದೆ. ಗೇರಿಗೆ ಗ್ರೀಸ್ ಒತ್ತಿದೆ. ಸೈಲೆನ್ಸರ್ ಜಾಳಿಗೆಯ ಮಸಿ ಕೆರೆಯುವುದು ಬಾಕಿ.

ಮಷಿನನ್ನು ಅಡ್ಡಕ್ಕೆ ತೂಗುಹಾಕುವಾಗ ಮಾವ್ಶಿ ಬಂದು, ಅವರ ತೋಟಕ್ಕೂ ಒಂದು ಸಲ ಬರಬಹುದಾ ಅಂದರು. ಬಗ್ಗಿಸಿದ ಪೆಟ್ರೋಲ್ ಕ್ಯಾನಿನಲ್ಲೇ ಇತ್ತು. ಮತ್ತೆ ಟ್ಯಾಂಕಿಗೆ ಸುರಿದೆ.