ಒಂದೇ ಜಾಗ ನೋಡೋದಾದ್ರೆ ಎಲ್ಲಿಗೆ?

"ಹೊರದೇಶದಲ್ಲಿ ಒಂದೇ ಒಂದು ಹಳೇ ಜಾಗ ನೋಡೋದಾದ್ರೆ ಎಲ್ಲಿಗೆ ಹೋಗ್ಲಿ?" ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಯಾರಾದರೂ ಇದನ್ನು ಕೇಳುತ್ತಾರೆ. ಕೇಳುವವರ ಮನಸ್ಸಿನಲ್ಲಿ ಆಗಲೇ ರೋಮ್ ಇಲ್ಲವೇ ಪಿರಮಿಡ್ ಇರುತ್ತದೆ. ನಾನು ಹೂಂ ಅಂದರೆ ಸಾಕು, ಟಿಕೆಟ್ ಬುಕ್ ಮಾಡುವ ಹುಮ್ಮಸ್ಸು. ನಾನು ಪ್ರತಿ ಸಲವೂ ಹೇಳುವ ಹೆಸರು ಕಾಂಬೋಡಿಯಾದ ಆಂಕೋರ್ ವಾಟ್. "ಅಯ್ಯೋ, ದೇವಸ್ಥಾನಾನಾ? ನಮ್ಮಲ್ಲೇ ಬೇಕಾದಷ್ಟಿದೆಯಲ್ಲ!" ಅನ್ನುತ್ತಾರೆ.

ಇದೆ. ಅದಕ್ಕೇ ಅಲ್ಲಿಗೆ ಹೋಗಿ ಅನ್ನುವುದು. ರೋಮ್‌ನ ಕೊಲೊಸಿಯಂ ಮುಂದೆ ನಿಂತಾಗ ಫಲಕ ಓದದೆ ನನಗೆ ಏನೂ ತಿಳಿಯಲಿಲ್ಲ. ಆಂಕೋರ್‌ನಲ್ಲಿ ಗೋಡೆಯ ಮೇಲೆ ರಾಮಾಯಣ, ಪುರಾಣಗಳನ್ನೇ ಕೆತ್ತಿದ್ದಾರೆ, ಗೋಡೆಯನ್ನೇ ಓದಬಹುದು. ಯಕ್ಷಗಾನವೋ ಹರಿಕಥೆಯೋ ಕೇಳಿ ಬೆಳೆದವರಿಗೆ ಗೈಡ್ ಅರ್ಧ ಸಾಕು.

ಇದನ್ನು ಕಟ್ಟಿಸಿದವನು ಅಲ್ಲಿನ ಖ್ಮೇರ್ ರಾಜ ಎರಡನೇ ಸೂರ್ಯವರ್ಮ, 12ನೇ ಶತಮಾನದ ಮೊದಲ ಅರ್ಧದಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1117ರಲ್ಲಿ, ನಮ್ಮ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ. ಇಬ್ಬರದೂ ವಿಷ್ಣುವಿನ ಗುಡಿಯೇ. ಬೇಲೂರಿನ ಬಳಪದ ಕಲ್ಲಿನಲ್ಲಿ ಮೂಗು ತಾಗುವಷ್ಟು ಹತ್ತಿರ ಹೋಗಿ ಬಳೆ, ಜಡೆ ನೋಡುತ್ತೇವೆ. ಆಂಕೋರ್‌ನಲ್ಲಿ ಮರಳುಗಲ್ಲು, ಅಳತೆಯೇ ಬೇರೆ. ಸುತ್ತಲಿನ ಕಂದಕವೇ ಸುಮಾರು 190 ಮೀಟರ್ ಅಗಲ. ಮೊದಲ ಸಲ ನೋಡಿದಾಗ ನಾನು ಅದನ್ನು ಕೆರೆ ಅಂದುಕೊಂಡಿದ್ದೆ.

ನಾನು ಹೋಗಿದ್ದು ನಮ್ಮ ದೊಡ್ಡಮ್ಮನ ಜೊತೆ. ಒಳಗೆ ಕಾಲಿಟ್ಟ ಕೂಡಲೇ ಅವರು ಅಭ್ಯಾಸಬಲದಿಂದ ಎಡಕ್ಕೆ ತಿರುಗಿದರು. ಪ್ರದಕ್ಷಿಣೆ ಹಾಗೇ ತಾನೇ? ಎದುರಿಗೆ ಲಂಕೆಯ ಯುದ್ಧ. ಹತ್ತು ತಲೆ, ಇಪ್ಪತ್ತು ಕೈಯ ರಾವಣ ರಥದ ಮೇಲೆ. ರಾಮ ಹನುಮಂತನ ಹೆಗಲೇರಿ ಬಾಣ ಬಿಡುತ್ತಿದ್ದಾನೆ. ದೊಡ್ಡಮ್ಮನಿಗೆ ಖುಷಿಯೋ ಖುಷಿ. ಆದರೆ ಪೂರ್ವದ ಕಡೆ ದಾಟಿ ದಕ್ಷಿಣದ ಪಡಸಾಲೆಗೆ ಬಂದಾಗ ಏನೋ ಸರಿಯಿಲ್ಲ ಅನ್ನಿಸಿತು. ಸೂರ್ಯವರ್ಮನ ಸೇನೆಯ ಮೆರವಣಿಗೆ ನಮಗೆ ಎದುರಾಗಿ ಬರುತ್ತಿತ್ತು, ಒನ್‌ವೇಯಲ್ಲಿ ತಪ್ಪಾಗಿ ನುಗ್ಗಿದ ಹಾಗೆ. ಆಗ ಗೈಡ್ ಹೇಳಿದ, ಇಲ್ಲಿನ ಉಬ್ಬುಶಿಲ್ಪಗಳನ್ನು ನೋಡಬೇಕಾದದ್ದು ಬಲಕ್ಕೆ ತಿರುಗಿ, ಅಪ್ರದಕ್ಷಿಣೆಯಾಗಿ. ದೇವಸ್ಥಾನದ ಮುಖವೂ ಪಶ್ಚಿಮಕ್ಕೇ. ಅಪ್ರದಕ್ಷಿಣೆ ಸಾವಿನ ಕರ್ಮದ್ದು, ಪಶ್ಚಿಮ ಸೂರ್ಯ ಮುಳುಗುವ ದಿಕ್ಕು; ಇವೆರಡನ್ನೂ ಇಟ್ಟುಕೊಂಡು ಇದು ರಾಜನ ಸಾವಿಗೆ ಸಂಬಂಧಿಸಿದ ಗುಡಿ ಎನ್ನುವ ವಿದ್ವಾಂಸರಿದ್ದಾರೆ. ದೊಡ್ಡಮ್ಮನಿಗೆ ಅದು ಅಷ್ಟು ಹಿಡಿಸಲಿಲ್ಲ. "ಮೊದಲೇ ಹೇಳೋಕೆ ಏನಾಗಿತ್ತು ಇವನಿಗೆ?" ಅಂದರು.

ಅಲ್ಲಿನ ಸಮುದ್ರಮಥನ ಸುಮಾರು 49 ಮೀಟರ್ ಉದ್ದ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು, ಕೆಳಗೆ ಆಮೆ. ಎಣಿಸಲು ಹೊರಟು ಮೂವತ್ತಕ್ಕೆ ಲೆಕ್ಕ ತಪ್ಪಿ ಸುಮ್ನಾದೆ. ದೇವತೆಗಳ ಕಡೆ, ವಾಸುಕಿಯ ಬಾಲ ಹಿಡಿದವರ ಕೊನೆಯಲ್ಲಿ ಒಂದು ದೊಡ್ಡ ಮಂಗನ ಆಕೃತಿ ಇದೆ. ಹನುಮಂತ ಅಂದ ಗೈಡ್. "ತ್ರೇತಾಯುಗದವನು ಅಮೃತ ಕಡೆಯೋಕೆ ಹೆಂಗಪ್ಪಾ ಬಂದ?" ಅಂತ ದೊಡ್ಡಮ್ಮ ಕನ್ನಡದಲ್ಲೇ ಕೇಳಿದರು. ನಾನು ಇಂಗ್ಲಿಷಿಗೆ ತಿರುಗಿಸಿದೆ. ಗೈಡ್ ನಕ್ಕು ಮುಂದಿನ ಗೋಡೆ ತೋರಿಸಿದ.

ನನ್ನ ಮೆಚ್ಚಿನದು ಸ್ವರ್ಗ ನರಕಗಳ ಗೋಡೆ. 37 ಸ್ವರ್ಗ, 32 ನರಕ. ಕೋಣದ ಮೇಲೆ ಯಮ, ಅವನ ಕೆಲಸಕ್ಕೆ ಚಿತ್ರಗುಪ್ತ. ಒಂದೊಂದು ನರಕಕ್ಕೂ ಅಲ್ಲಿನ ಹಳೆಯ ಖ್ಮೇರ್ ಭಾಷೆಯ ಬರಹದಲ್ಲಿ ಹೆಸರು ಕೆತ್ತಿದ್ದಾರೆ: ಕುಂಭೀಪಾಕ, ವೈತರಣಿ, ರೌರವ. ನಾವು ಸಿಟ್ಟು ಬಂದಾಗ ಬಾಯಿಗೆ ಬಂದ ಹಾಗೆ ಅನ್ನುವ ರೌರವ ನರಕ ಅಲ್ಲಿ ಕಲ್ಲಿನಲ್ಲಿದೆ. ಸ್ವರ್ಗದಲ್ಲಿ ಎಲ್ಲರೂ ಒಂದೇ ತರಹ ಕೂತಿದ್ದಾರೆ, ನೋಡಿದರೆ ಬೇಜಾರು. ಶಿಲ್ಪಿಗಳ ಉತ್ಸಾಹವೆಲ್ಲ ನರಕದಲ್ಲೇ.

ಇನ್ನು ಖರ್ಚಿನ ಮಾತು. ನಾವು ಹೋದಾಗ ಒಂದು ದಿನದ ಪಾಸ್ 37 ಡಾಲರ್, ಮೂರು ದಿನದ್ದು 62. ಮೂರು ದಿನದ್ದೇ ತಗೊಳ್ಳಿ. ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ನೋಡಬಹುದು, ಸತತವಾಗಿ ಸುತ್ತಬೇಕಿಲ್ಲ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಏಪ್ರಿಲ್ ಬೇಡ, ಬಿಸಿಲು ತಡೆಯಲು ಆಗಲ್ಲ. ಸೂರ್ಯೋದಯ ನೋಡಲೇಬೇಕು ಅನ್ನುತ್ತಾರಲ್ವಾ? ನೋಡಿ. ಆದರೆ ಕೊಳದ ದಂಡೆಯಲ್ಲಿ ಸೂರ್ಯನಿಗಿಂತ ಮೊಬೈಲ್‌ಗಳೇ ಜಾಸ್ತಿ. ಆಮೇಲೆ ಆ ಜನರೆಲ್ಲ ತಿಂಡಿಗೆ ಹೊರಡುತ್ತಾರೆ. ನೀವು ಮಾತ್ರ ಹೊರಡಬೇಡಿ. ಪಡಸಾಲೆಗಳು ಖಾಲಿ ಇರುವುದು ಆಗಲೇ.

ಸುತ್ತಮುತ್ತಲಿನ ಉಳಿದ ಗುಡಿಗಳಲ್ಲಿ ಬಾಯೋನ್‌ನ ಕಲ್ಲಿನ ಮುಖಗಳನ್ನೂ ತಾ ಪ್ರೋಮ್‌ನ ಗೋಡೆ ಅಪ್ಪಿದ ಬೇರುಗಳನ್ನೂ ಹೇಗೂ ನೋಡೇ ನೋಡುತ್ತೀರಿ. ತಾ ಪ್ರೋಮ್‌ನ ದುರಸ್ತಿಯಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯ ಕೈಯೂ ಇದೆ. ಬಾಂತೆಯ್ ಸ್ರೇಯ್ ಮಾತ್ರ ಬಿಡಬೇಡಿ. ಸ್ವಲ್ಪ ದೂರ, ಟುಕ್‌ಟುಕ್‌ನವರು ಜಾಸ್ತಿ ದುಡ್ಡು ಕೇಳುತ್ತಾರೆ, ಆದರೂ ಹೋಗಿ. 967ರ ಪುಟ್ಟ ಗುಡಿ, ಕಟ್ಟಿಸಿದವನು ರಾಜನಲ್ಲ, ಆಸ್ಥಾನದ ಯಜ್ಞವರಾಹ. ನಸುಗೆಂಪು ಕಲ್ಲು, ಮರದ ಮೇಲೆ ಕೆತ್ತಿದಷ್ಟು ನವಿರು ಕೆಲಸ. ರಾವಣ ಕೈಲಾಸ ಅಲುಗಾಡಿಸುವುದು, ಖಾಂಡವ ದಹನ, ವಾಲಿ ಸುಗ್ರೀವರ ಕಾಳಗ ಎಲ್ಲ ಅಲ್ಲಿವೆ. ಬೇಲೂರು, ಹಳೇಬೀಡು ನೋಡಿದ ಕಣ್ಣಿಗೆ ಆಂಕೋರ್ ವಾಟ್‌ಗಿಂತ ಇದೇ ಹತ್ತಿರ ಅನ್ನಿಸಬಹುದು.

ಆಂಕೋರ್ ವಾಟ್‌ನ ಪಶ್ಚಿಮ ದ್ವಾರದಲ್ಲಿ ಎಂಟು ಕೈಯ ವಿಷ್ಣು ನಿಂತಿದ್ದಾನೆ. ಅಲ್ಲಿನವರು ತಾ ರೀಚ್ ಅನ್ನುತ್ತಾರೆ. ದೇವಸ್ಥಾನ ಬೌದ್ಧರದಾಗಿ ಎಷ್ಟೋ ನೂರು ವರ್ಷ ಆಯಿತು. ಆದರೂ ಜನ ಅವನಿಗೆ ಹೂವು, ಹಣ್ಣು ಇಟ್ಟು ಊದುಬತ್ತಿ ಹಚ್ಚುತ್ತಾರೆ. ವಾಪಸ್ ಬರುವಾಗ ದೊಡ್ಡಮ್ಮನೂ ಅಲ್ಲಿ ಒಂದು ಊದುಬತ್ತಿ ಹಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, ಇಲ್ಲೆಲ್ಲಾದರೂ ತುಳಸಿ ಸಿಗುತ್ತಾ ಕೇಳು ಅಂದರು.